ಥಿನ್ ಕ್ಲೈಂಟ್ ಅಪ್‌ಡೇಟ್ ಆದ ಮೇಲೆ ಲಾಗಿನ್ ಏಕೆ ಬದಲಾಯಿತು?

ಪ್ರಶ್ನೆ: ನಮ್ಮ ಸಹಕಾರಿ ಬ್ಯಾಂಕಿನ ಶಾಖೆಗಳಲ್ಲಿ ಸಾಮಾನ್ಯ ಕಂಪ್ಯೂಟರ್‌ಗಳ ಬದಲು ಥಿನ್ ಕ್ಲೈಂಟ್‌ಗಳಿವೆ. ಸಿಬ್ಬಂದಿ ಮುಖ್ಯ ಕಚೇರಿಯ ಸರ್ವರ್‌ನಲ್ಲಿರುವ ವರ್ಚುವಲ್ ಡೆಸ್ಕ್‌ಟಾಪ್‌ಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಈಚೆಗೆ ಕ್ಲೈಂಟ್‌ಗಳ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ಮಾಡಿ, ಅದರ ಜೊತೆಗೇ ಮೊಬೈಲ್ ಮೂಲಕ ದೃಢೀಕರಿಸುವ ಲಾಗಿನ್ ಪದ್ಧತಿಯನ್ನೂ ತಂದರು. ಅಂದಿನಿಂದ ಪಾಸ್‌ವರ್ಡನ್ನು ಎರಡು ಸಲ ಕೊಡಬೇಕಾಗಿದೆ. ಕೆಲವು ಶಾಖೆಗಳಲ್ಲಿ ಬೆಳಿಗ್ಗೆ ‘ಸರ್ಟಿಫಿಕೇಟ್ ಸರಿಯಿಲ್ಲ’ ಎಂಬ ಸಂದೇಶ ಬಂದು ಲಾಗಿನ್ ಆಗುವುದೇ ಇಲ್ಲ. ಹಳೆಯ ಆವೃತ್ತಿಗೆ ಮರಳುವುದು ಒಳ್ಳೆಯದೇ?
– ಐ.ಟಿ. ವಿಭಾಗದ ನೌಕರರು, ಹಾವೇರಿ ಜಿಲ್ಲೆ

ಉತ್ತರ: ಮರಳಬೇಡಿ. ನೀವು ಬರೆದಿರುವ ಎರಡು ತೊಂದರೆಗಳಿಗೆ ಕಾರಣ ಬೇರೆ ಬೇರೆ, ಎರಡಕ್ಕೂ ಪರಿಹಾರವಿದೆ.

ಥಿನ್ ಕ್ಲೈಂಟ್‌ನಲ್ಲಿ ಲಾಗಿನ್ ಎಂಬುದು ಪರದೆಯ ಮೇಲೆ ಒಂದೇ ಕೆಲಸದಂತೆ ಕಂಡರೂ ಒಳಗೆ ಅದು ಒಂದರ ಹಿಂದೊಂದು ಇರುವ ಮೂರು ಬಾಗಿಲುಗಳನ್ನು ದಾಟುವ ಕೆಲಸ. ಮೊದಲನೆಯದು, ನೀವು ಯಾರೆಂದು ಖಚಿತಪಡಿಸುವ ಗುರುತಿನ ವ್ಯವಸ್ಥೆ. ಅದು ಕಚೇರಿಯ ಡೊಮೇನ್ ಕಂಟ್ರೋಲರ್ (ಕಚೇರಿಯ ಯಂತ್ರಗಳ, ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್; ಅದರ ವ್ಯಾಪ್ತಿಯೇ ಡೊಮೇನ್) ಆಗಿರಬಹುದು, ಮೈಕ್ರೋಸಾಫ್ಟ್ ಎಂಟ್ರಾ ಐಡಿಯಂಥ ಕ್ಲೌಡ್ ಸೇವೆಯೂ ಆಗಿರಬಹುದು. ಎರಡನೆಯದು, ಯಾರಿಗೆ ಯಾವ ಡೆಸ್ಕ್‌ಟಾಪ್ ಎಂದು ಹಂಚಿಕೊಡುವ ಬ್ರೋಕರ್; ವರ್ಚುವಲ್ ಡೆಸ್ಕ್‌ಟಾಪ್ ಒದಗಿಸುವ ತಂತ್ರಾಂಶಗಳಾದ ಸಿಟ್ರಿಕ್ಸ್‌ನಲ್ಲಿ ಸ್ಟೋರ್‌ಫ್ರಂಟ್ ಮತ್ತು ಡೆಲಿವರಿ ಕಂಟ್ರೋಲರ್, ಹೊರೈಜನ್‌ನಲ್ಲಿ ಕನೆಕ್ಷನ್ ಸರ್ವರ್ ಮಾಡುವುದು ಈ ಕೆಲಸವನ್ನೇ. ಮೂರನೆಯದು ಡೆಸ್ಕ್‌ಟಾಪ್‌ನ ಒಳಗಿರುವ ವಿಂಡೋಸ್‌ನ ಸ್ವಂತ ಲಾಗಿನ್. ಹಳೆಯ ಪದ್ಧತಿಯಲ್ಲಿ ಕ್ಲೈಂಟ್ ನಿಮ್ಮ ಪಾಸ್‌ವರ್ಡನ್ನು ತನ್ನ ಬಳಿ ಇಟ್ಟುಕೊಂಡು ಮೂರು ಕಡೆಗೂ ತಾನೇ ಒಪ್ಪಿಸುತ್ತಿತ್ತು, ಆದ್ದರಿಂದ ಒಂದು ಸಲ ಟೈಪ್ ಮಾಡಿದರೆ ಸಾಕಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ಲಾಗಿನ್ ನಡೆಯುವುದು ಬ್ರೌಸರ್‌ನಂಥ ಕಿಟಕಿಯೊಂದರಲ್ಲಿ. ಅಲ್ಲಿ ಕೊಟ್ಟ ಪಾಸ್‌ವರ್ಡ್ ಗುರುತಿನ ವ್ಯವಸ್ಥೆಗೆ ಮಾತ್ರ ಹೋಗುತ್ತದೆ. ಬ್ರೋಕರ್‌ಗೆ ಸಿಗುವುದು ‘ಇವರನ್ನು ಪರೀಕ್ಷಿಸಿದ್ದೇನೆ’ ಎಂದು ಹೇಳುವ ಟೋಕನ್. ಪಾಸ್‌ವರ್ಡ್ ಹೆಚ್ಚು ಕೈಗಳಿಗೆ ಸಿಗದಿರುವುದು ಬ್ಯಾಂಕಿಗೆ ಖಂಡಿತವಾಗಿ ಒಳ್ಳೆಯದು. ಆದರೆ ಡೊಮೇನ್‌ಗೆ ಸೇರಿದ ವಿಂಡೋಸ್ ಆ ಟೋಕನ್ನನ್ನು ಹಾಗೆಯೇ ಸ್ವೀಕರಿಸುವುದಿಲ್ಲ. ಅದಕ್ಕೇ ಮೂರನೆಯ ಬಾಗಿಲಿನಲ್ಲಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ.

ಇದಕ್ಕೆ ಪರಿಹಾರ ಕ್ಲೈಂಟ್‌ನಲ್ಲಿಲ್ಲ, ಸರ್ವರ್ ಕಡೆ ಇದೆ. ಸಿಟ್ರಿಕ್ಸ್ ಬಳಸುವವರಿಗೆ ಫೆಡರೇಟೆಡ್ ಆಥೆಂಟಿಕೇಶನ್ ಸರ್ವಿಸ್, ಹೊರೈಜನ್ ಬಳಸುವವರಿಗೆ ಟ್ರೂ ಎಸ್‌ಎಸ್‌ಒ ಎಂಬ ಸೌಲಭ್ಯವಿದ್ದು, ಎರಡೂ 2016ರಲ್ಲಿಯೇ ಬಂದವು. ಬಳಕೆದಾರರ ಹೆಸರಿನಲ್ಲಿ ಅಲ್ಪಾವಧಿಯ ಸರ್ಟಿಫಿಕೇಟ್ ಒಂದನ್ನು ಕಚೇರಿಯ ಸರ್ಟಿಫಿಕೇಟ್ ಸರ್ವರ್‌ನಿಂದ ಪಡೆದು, ಸ್ಮಾರ್ಟ್ ಕಾರ್ಡ್ ತೋರಿಸಿದ ಹಾಗೆ ವಿಂಡೋಸ್‌ಗೆ ಒಪ್ಪಿಸುವುದು ಇವೆರಡರ ಕೆಲಸ. ಅಜೂರ್ ವರ್ಚುವಲ್ ಡೆಸ್ಕ್‌ಟಾಪ್ ಆದರೆ ಹೋಸ್ಟ್ ಪೂಲ್‌ನ (ಡೆಸ್ಕ್‌ಟಾಪ್‌ಗಳನ್ನು ಒದಗಿಸುವ ಯಂತ್ರಗಳ ಗುಂಪಿನ) ಸೆಟ್ಟಿಂಗ್‌ನಲ್ಲಿ ಎಂಟ್ರಾ ಮೂಲಕ ಸಿಂಗಲ್ ಸೈನ್-ಆನ್ (ಒಂದೇ ಸಲದ ಲಾಗಿನ್) ಅನ್ನು ಆನ್ ಮಾಡಬೇಕಾಗುತ್ತದೆ. ನಿಮ್ಮ ಸರಬರಾಜುದಾರರನ್ನು ‘ಎರಡು ಸಲ ಏಕೆ ಕೇಳುತ್ತದೆ’ ಎಂದು ಕೇಳುವ ಬದಲು ‘ಈ ಸೌಲಭ್ಯವನ್ನು ಅಳವಡಿಸಿದ್ದೀರಾ’ ಎಂದು ಹೆಸರು ಹಿಡಿದು ಕೇಳಿ. ಹೊಸ ಲಾಗಿನ್ ಪದ್ಧತಿಯನ್ನು ತರುವಾಗಲೇ ಈ ಭಾಗವನ್ನೂ ಸೇರಿಸಬೇಕಾಗಿತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೌಂಟರ್ ಎದುರು ಗ್ರಾಹಕರು ಸಾಲುಗಟ್ಟಿ ನಿಂತಿರುವಾಗ ಎರಡನೆಯ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯಿಂದ ಬೇಸತ್ತ ಸಿಬ್ಬಂದಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದರೆ, ಭದ್ರತೆಗಾಗಿ ಮಾಡಿದ ಖರ್ಚೆಲ್ಲ ವ್ಯರ್ಥವಾಗುತ್ತದೆ.

ಇನ್ನು ಸರ್ಟಿಫಿಕೇಟ್, ಅಂದರೆ ಸರ್ವರ್ ತಾನು ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತಿನ ಪತ್ರದ ವಿಷಯ. ಎಲ್ಲ ಶಾಖೆಗಳಲ್ಲಿಯೂ ಈ ಸಂದೇಶ ಬರುತ್ತಿದ್ದರೆ ನಿಮ್ಮ ಸಂಸ್ಥೆಯ ರೂಟ್ ಸರ್ಟಿಫಿಕೇಟ್ (ಉಳಿದ ಸರ್ಟಿಫಿಕೇಟ್‌ಗಳನ್ನು ನಂಬಲು ಆಧಾರವಾದ ಮೂಲ ಪತ್ರ) ಕ್ಲೈಂಟ್‌ಗಳಲ್ಲಿಲ್ಲ ಎಂದು ಹೇಳಬಹುದಿತ್ತು. ಕೆಲವು ಕಡೆ ಮಾತ್ರ, ಅದೂ ಬೆಳಿಗ್ಗೆ ಮಾತ್ರ ಬರುತ್ತಿರುವುದರಿಂದ ನನ್ನ ಅನುಮಾನ ಗಡಿಯಾರದ ಮೇಲೆ. ರಾತ್ರಿ ಶಾಖೆಯ ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಪದ್ಧತಿ ಇದ್ದರೆ, ಪೆಟ್ಟಿಗೆಯೊಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರುವ ಕ್ಲೈಂಟ್‌ಗಳು ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಖಿನೊಂದಿಗೆ ಎದ್ದೇಳುತ್ತವೆ. ಆ ತಾರೀಖಿಗೆ ನಿಮ್ಮ ಸರ್ವರ್‌ನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ, ಹಾಗಾಗಿ ಕ್ಲೈಂಟ್ ಅದನ್ನು ತಿರಸ್ಕರಿಸುತ್ತದೆ. ಸರ್ಟಿಫಿಕೇಟ್ ದಾಟಿದರೂ ಡೊಮೇನ್ ಲಾಗಿನ್ ಬಳಸುವ ಕರ್ಬರೋಸ್ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ತೊಂದರೆ ಕೊಡುವ ಒಂದು ಕ್ಲೈಂಟ್‌ನಲ್ಲಿ ಲಾಗಿನ್‌ಗೆ ಮೊದಲೇ ದಿನಾಂಕವನ್ನು ನೋಡಿ. ತಪ್ಪಿದ್ದರೆ ಬ್ಯಾಟರಿ ಬದಲಾಯಿಸಿ, ಕ್ಲೈಂಟ್‌ಗಳ ಸಂರಚನೆಯಲ್ಲಿ ಸರಿಯಾದ ಸಮಯ ಒದಗಿಸುವ ಟೈಮ್ ಸರ್ವರ್‌ನ ವಿಳಾಸವನ್ನು ತುಂಬಿಸಿ. ಕೆಲವರು ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡಿ ‘ಸರಿಯಾಯಿತು’ ಎನ್ನುತ್ತಾರೆ. ಹಣದ ವ್ಯವಹಾರ ಮಾಡುವ ಸಂಸ್ಥೆ ಅದನ್ನು ಎಂದಿಗೂ ಒಪ್ಪಬಾರದು.

ಮುಂದಿನ ಅಪ್‌ಡೇಟ್‌ಗೆ ಒಂದು ಮಾತು. 2018ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್, ರಿಮೋಟ್ ಡೆಸ್ಕ್‌ಟಾಪ್‌ನ ಲಾಗಿನ್‌ಗೆ ಬಳಕೆಯಾಗುವ ಕ್ರೆಡ್‌ಎಸ್‌ಎಸ್‌ಪಿ ಎಂಬ ಭಾಗದ ದೋಷವನ್ನು ಮುಚ್ಚುವ ನಿಯಮವನ್ನು ಕಡ್ಡಾಯಗೊಳಿಸಿತು. ದೋಷದ ತೇಪೆ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿದ್ದರೂ ಅದನ್ನು ಸರ್ವರ್‌ಗಳಿಗೆ ಹಾಕದೆ ಬಿಟ್ಟಿದ್ದ ಕಚೇರಿಗಳಲ್ಲಿ, ಅಪ್‌ಡೇಟ್ ಆದ ಕ್ಲೈಂಟ್‌ಗಳು ಅಪ್‌ಡೇಟ್ ಆಗದ ಸರ್ವರ್‌ಗಳಿಗೆ ಲಾಗಿನ್ ಆಗಲು ನಿರಾಕರಿಸಿದವು. ಮೊದಲು ಸರ್ವರ್, ಆಮೇಲೆ ಕ್ಲೈಂಟ್ ಎಂಬ ಕ್ರಮವನ್ನು ಪಾಲಿಸಿದವರಿಗೆ ಆ ತೊಂದರೆ ಆಗಲಿಲ್ಲ. ಡೆಲ್‌ನ ಥಿನ್‌ಓಎಸ್ 9, ಐಜೆಲ್ ಓಎಸ್ 12 ಇಂಥವುಗಳಲ್ಲಿ ಮೂಲ ಸಿಸ್ಟಂ ಬೇರೆ, ಸಿಟ್ರಿಕ್ಸ್ ಅಥವಾ ಹೊರೈಜನ್‌ಗೆ ಸಂಪರ್ಕಿಸುವ ಪ್ಯಾಕೇಜ್ ಬೇರೆಯಾಗಿ ಬರುವುದರಿಂದ, ಯಾವ ಆವೃತ್ತಿಗೆ ಯಾವುದು ಹೊಂದುತ್ತದೆ ಎಂಬ ಪಟ್ಟಿಯನ್ನು ಬಿಡುಗಡೆ ಟಿಪ್ಪಣಿಯಲ್ಲಿ ನೋಡಿ, ಒಂದು ಶಾಖೆಯಲ್ಲಿ ಪರೀಕ್ಷಿಸಿ, ಅನಂತರವೇ ಉಳಿದ ಕಡೆಗೆ ಕಳುಹಿಸಿ.

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ವಿಂಡೋಸ್ ಇರುವ ಥಿನ್ ಕ್ಲೈಂಟ್‌ಗಳಿವೆ. ಹಾಕಿದ ಅಪ್‌ಡೇಟ್ ಮರುದಿನ ಮಾಯವಾಗಿರುತ್ತದೆ. ಕೆಲವು ವಾರಗಳಿಗೊಮ್ಮೆ ಡೊಮೇನ್ ಜೊತೆಗಿನ ನಂಬಿಕೆಯ ಸಂಬಂಧ ಕಡಿದಿದೆ ಎಂಬ ಸಂದೇಶವೂ ಬರುತ್ತದೆ.
– ಲ್ಯಾಬ್ ಸಹಾಯಕರು, ತುಮಕೂರು

ಉತ್ತರ: ಎರಡೂ ಒಂದೇ ಕಾರಣದ ಫಲ. ಈ ಯಂತ್ರಗಳಲ್ಲಿ ರೈಟ್ ಫಿಲ್ಟರ್ ಎಂಬ ವ್ಯವಸ್ಥೆ ಇರುತ್ತದೆ. ಡಿಸ್ಕ್‌ಗೆ ಬರೆಯಬೇಕಾದುದನ್ನು ಅದು ತಾತ್ಕಾಲಿಕ ಜಾಗದಲ್ಲಿ ಇರಿಸಿ, ಯಂತ್ರ ಮರುಪ್ರಾರಂಭವಾದಾಗ ಅಳಿಸಿಬಿಡುತ್ತದೆ. ವಿದ್ಯಾರ್ಥಿಗಳು ಏನೇ ಮಾಡಿದರೂ ಯಂತ್ರ ಮೊದಲಿನಂತೆಯೇ ಉಳಿಯಲಿ ಎಂಬುದು ಅದರ ಉದ್ದೇಶ. ಫಿಲ್ಟರ್ ಆನ್ ಇರುವಾಗಲೇ ಅಪ್‌ಡೇಟ್ ಹಾಕಿದರೆ ಅದೂ ಅಳಿಸಿಹೋಗುತ್ತದೆ. ಡೊಮೇನ್‌ಗೆ ಸೇರಿದ ಪ್ರತಿ ವಿಂಡೋಸ್ ಯಂತ್ರಕ್ಕೂ ತನ್ನದೇ ಒಂದು ಗುಪ್ತ ಪಾಸ್‌ವರ್ಡ್ ಇದ್ದು, ಅದು ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತಾನಾಗಿಯೇ ಬದಲಾಗುತ್ತದೆ. ಸರ್ವರ್ ಹೊಸದನ್ನು ನೆನಪಿಟ್ಟುಕೊಳ್ಳುತ್ತದೆ, ಆದರೆ ಕ್ಲೈಂಟ್ ಮರುಪ್ರಾರಂಭವಾದಾಗ ಹಳೆಯದಕ್ಕೆ ಹಿಂತಿರುಗುತ್ತದೆ. ಸಂಬಂಧ ಕಡಿಯುವುದು ಇದರಿಂದಲೇ. ಈ ಕ್ಲೈಂಟ್‌ಗಳಿಗೆ ಮಾತ್ರ ಯಂತ್ರದ ಪಾಸ್‌ವರ್ಡ್ ಬದಲಾವಣೆಯನ್ನು ಡೊಮೇನ್‌ನ ಪಾಲಿಸಿಯ (ನಿಯಮದ) ಮೂಲಕ ನಿಲ್ಲಿಸಿ, ಅಪ್‌ಡೇಟ್ ಉಳಿಯುವಂತೆ ಮಾಡುವ ಫಿಲ್ಟರ್‌ನ ಸರ್ವಿಸಿಂಗ್ ಮೋಡ್‌ನಲ್ಲಿಯೇ ಅಪ್‌ಡೇಟ್ ಹಾಕಿ. ಈಗಾಗಲೇ ಕಡಿದಿರುವವುಗಳನ್ನು ಫಿಲ್ಟರ್ ಆಫ್ ಮಾಡಿ ಡೊಮೇನ್‌ಗೆ ಮತ್ತೆ ಸೇರಿಸಬೇಕು.

ಪ್ರಶ್ನೆ: ಹೊಸದಾಗಿ ಸೇರಿದವರಿಗೆ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು ‘ಮೊದಲ ಲಾಗಿನ್‌ನಲ್ಲಿ ಬದಲಾಯಿಸಿ’ ಎಂದು ನಿಗದಿ ಮಾಡಿದ್ದೇವೆ. ರಿಮೋಟ್ ಡೆಸ್ಕ್‌ಟಾಪ್ ಬದಲಾಯಿಸುವ ಅವಕಾಶವನ್ನೇ ಕೊಡುವುದಿಲ್ಲ.
– ಕಚೇರಿ ಅಧೀಕ್ಷಕರು, ಮಂಗಳೂರು

ಉತ್ತರ: ನೆಟ್‌ವರ್ಕ್ ಲೆವೆಲ್ ಆಥೆಂಟಿಕೇಶನ್ ಇರುವಲ್ಲಿ ಡೆಸ್ಕ್‌ಟಾಪ್ ತೆರೆಯುವುದಕ್ಕೆ ಮೊದಲೇ ಪಾಸ್‌ವರ್ಡ್ ಪರೀಕ್ಷೆ ನಡೆಯುತ್ತದೆ, ಆದ್ದರಿಂದ ಬದಲಾವಣೆಯ ಪರದೆ ಬರುವ ಅವಕಾಶವೇ ಇರುವುದಿಲ್ಲ. ಆ ಆಥೆಂಟಿಕೇಶನ್ ಅನ್ನು ಆಫ್ ಮಾಡುವುದು ಸುಲಭದ ದಾರಿಯಾದರೂ ಸರಿಯಾದ ದಾರಿಯಲ್ಲ. ಪಾಸ್‌ವರ್ಡ್ ಬದಲಾಯಿಸಲು ಪ್ರತ್ಯೇಕ ವೆಬ್ ಪುಟವೊಂದನ್ನು ಒದಗಿಸಿ.

ಪ್ರಶ್ನೆ: ನಾನು ಕನ್ನಡದಲ್ಲಿ ಕಡತಗಳನ್ನು ಟೈಪ್ ಮಾಡುವವಳು. ಕಚೇರಿಗೆ ಥಿನ್ ಕ್ಲೈಂಟ್ ಬಂದ ಮೇಲೆ ಪ್ರತಿದಿನ ಕನ್ನಡ ಕೀಲಿಮಣೆಯನ್ನು ಹೊಸದಾಗಿ ಸೇರಿಸಬೇಕಾಗಿದೆ. ಕೆಲವೊಮ್ಮೆ ಸರಿಯಾದ ಪಾಸ್‌ವರ್ಡ್ ಹೊಡೆದರೂ ತಪ್ಪು ಎನ್ನುತ್ತದೆ.
– ಬೆರಳಚ್ಚುಗಾರ್ತಿ, ಧಾರವಾಡ

ಉತ್ತರ: ನಿಮಗೆ ಸಿಕ್ಕಿರುವುದು ಹಲವರು ಹಂಚಿಕೊಳ್ಳುವ ಪೂಲ್ ಡೆಸ್ಕ್‌ಟಾಪ್ ಇರಬೇಕು. ಅಂಥವು ಲಾಗ್ಔಟ್ ಆದ ಮೇಲೆ ಮೂಲ ಇಮೇಜ್‌ನ (ಎಲ್ಲ ಡೆಸ್ಕ್‌ಟಾಪ್‌ಗಳಿಗೂ ಅಚ್ಚಾಗಿರುವ ಪ್ರತಿಯ) ಸ್ಥಿತಿಗೆ ಮರಳುತ್ತವೆ, ಹಾಗಾಗಿ ನೀವು ಸೇರಿಸಿದ ಕೀಲಿಮಣೆಯೂ ಹೋಗುತ್ತದೆ. ನಿಮ್ಮ ತಾಂತ್ರಿಕ ವಿಭಾಗದವರಿಗೆ ಲಿಖಿತವಾಗಿ ಎರಡು ಬೇಡಿಕೆ ಇಡಿ: ನುಡಿ ತಂತ್ರಾಂಶವನ್ನೂ ಕನ್ನಡ ಕೀಲಿಮಣೆಯನ್ನೂ ಮೂಲ ಇಮೇಜ್‌ನಲ್ಲಿಯೇ ಅಳವಡಿಸಬೇಕು; ಪ್ರತಿಯೊಬ್ಬರ ಸೆಟ್ಟಿಂಗ್‌ಗಳು ಉಳಿಯುವಂತೆ ಎಫ್‌ಎಸ್‌ಲಾಜಿಕ್ಸ್‌ನಂಥ ಪ್ರೊಫೈಲ್ ವ್ಯವಸ್ಥೆಯನ್ನು ಬಳಸಬೇಕು. ಆಡಳಿತ ಭಾಷೆ ಕನ್ನಡವಾಗಿರುವ ರಾಜ್ಯದ ಕಚೇರಿಯಲ್ಲಿ ಇದು ಮೊದಲ ದಿನವೇ ಆಗಬೇಕಾದ ಕೆಲಸ.

ಪಾಸ್‌ವರ್ಡ್ ತಪ್ಪಾಗುವುದಕ್ಕೆ ಕಾರಣ ಬಹುಮಟ್ಟಿಗೆ ಕೀಲಿಮಣೆಯ ಭಾಷೆಯೇ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಅಕ್ಷರಗಳ ಬದಲು ಚುಕ್ಕೆಗಳು ಮಾತ್ರ ಕಾಣುವುದರಿಂದ, ಕೀಲಿಗಳು ಕನ್ನಡ ಅಕ್ಷರಗಳನ್ನು ಮೂಡಿಸುತ್ತಿದ್ದರೂ ನಿಮಗೆ ತಿಳಿಯುವುದಿಲ್ಲ. ಕ್ಲೈಂಟ್‌ನ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ವಿನ್ಯಾಸವನ್ನೇ ಉಳಿಸಿಕೊಂಡು, ಕನ್ನಡವನ್ನು ಡೆಸ್ಕ್‌ಟಾಪ್ ತೆರೆದ ಮೇಲೆ ಅದರ ಒಳಗೆ ಮಾತ್ರ ಆರಿಸಿಕೊಳ್ಳಿ. ಪರದೆ ಲಾಕ್ ಆಗಿ ಮತ್ತೆ ಪಾಸ್‌ವರ್ಡ್ ಕೇಳಿದಾಗ, ಮೂಲೆಯಲ್ಲಿ ಕಾಣುವ ಭಾಷೆಯ ಗುರುತನ್ನು ಮೊದಲು ನೋಡಿಕೊಂಡು ಟೈಪ್ ಮಾಡಿ.