ತೆಂಗಿನ ನುಸಿ: ಶತ್ರುನುಸಿಯನ್ನು ನಂಬಬಹುದೇ?

ಪ್ರಶ್ನೆ: ನಮ್ಮ ತೋಟದಲ್ಲಿ ಎಳೆಗಾಯಿಗಳ ತೊಟ್ಟಿನ ಕೆಳಗೆ ತ್ರಿಕೋನಾಕಾರದ ಬಿಳಿ ಮಚ್ಚೆ ಮೂಡಿ, ಅದು ಕಂದಾಗಿ ಬಿರಿಯುತ್ತಿದೆ. ಕಾಯಿ ಸಣ್ಣದಾಗಿ ಉಂಡೆ ಕೊಬ್ಬರಿಗೆ ಬೆಲೆ ಸಿಗುತ್ತಿಲ್ಲ. ನುಸಿಯನ್ನೇ ತಿನ್ನುವ ಇನ್ನೊಂದು ನುಸಿ ಇದೆಯಂತೆ. ಅದನ್ನು ತಂದು ಬಿಟ್ಟರೆ ಔಷಧಿ ಸಿಂಪಡಿಸುವುದನ್ನು ನಿಲ್ಲಿಸಬಹುದೇ?
– ಓದುಗರೊಬ್ಬರು, ಅರಸೀಕೆರೆ ತಾಲ್ಲೂಕು

ಉತ್ತರ: ನೀವು ವಿವರಿಸಿರುವುದು ಅಸೇರಿಯಾ ಗುರೆರೋನಿಸ್ ಎಂಬ ನುಸಿಯ ಹಾವಳಿ. ಮೆಕ್ಸಿಕೋದ ಗುರೆರೋದಿಂದ ಬಂದ ಮಾದರಿಗಳನ್ನು ಆಧರಿಸಿ 1965ರಲ್ಲಿ ಇದನ್ನು ಗುರುತಿಸಲಾಯಿತು. 1998ರಲ್ಲಿ ಕೇರಳದಿಂದ ಇದರ ವರದಿ ಬಂದ ಮೇಲೆ ನಮ್ಮ ತೆಂಗಿನ ಸೀಮೆಗೂ ಹಬ್ಬಿತು. ಕಾಲು ಮಿಲಿಮೀಟರಿಗಿಂತ ಉದ್ದವಿಲ್ಲದ, ಹುಳುವಿನಂತೆ ಸಪೂರವಾದ ಈ ಜೀವಿ ಗಾಳಿಯಲ್ಲಿ ತೇಲಿಬಂದು, ಹರಳು (ಮಿಡಿಗಾಯಿ) ಕಟ್ಟಿದ ಕೂಡಲೇ ತೊಟ್ಟಿನ ದಳಗಳ ಅಡಿ ನುಸುಳಿ, ಅಲ್ಲಿನ ಎಳೆಯ ಅಂಗಾಂಶದ ರಸ ಹೀರುತ್ತದೆ. ಸುಮಾರು ಹತ್ತು ದಿನಗಳಲ್ಲೇ ಒಂದು ಪೀಳಿಗೆ ಮುಗಿಯುವುದರಿಂದ ಸಂಖ್ಯೆ ಬೇಗ ಏರುತ್ತದೆ.

ನೀವು ಕೇಳಿರುವ, ಪೀಡೆ ನುಸಿಯನ್ನು ತಿನ್ನುವ ಶತ್ರುನುಸಿಗಳಲ್ಲಿ ಮುಖ್ಯವಾದದ್ದು ನಿಯೋಸೀಲಸ್ ಬರಾಕಿ. ಇದು ಈಗಾಗಲೇ ನಮ್ಮ ತೋಟಗಳಲ್ಲಿ ಇರುವಂಥದ್ದೇ: ನಾಲ್ಕರಿಂದ ಆರು ತಿಂಗಳ ಕಾಯಿಯ ತೊಟ್ಟನ್ನು ಬಿಡಿಸಿ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ, ಬಿಳಿ ಪುಡಿಯಂತಿರುವ ಪೀಡೆಯ ಗುಂಪಿನ ನಡುವೆ ಚುರುಕಾಗಿ ಓಡುವ, ಒಣಹುಲ್ಲಿನ ಬಣ್ಣದ, ಎಂಟು ಕಾಲಿನ ಜೀವಿಗಳು ಕಾಣಸಿಗಬಹುದು. ಶ್ರೀಲಂಕಾದ ತೆಂಗು ಸಂಶೋಧನಾ ಸಂಸ್ಥೆ ಇದನ್ನು ಸಾಕಿ ತೋಟಗಳಿಗೆ ಬಿಡುವ ಕೆಲಸ ಮಾಡಿದೆ. ಆದರೆ ಒಂದು ತೊಡಕಿದೆ. ಎಳೆ ಹರಳಿನಲ್ಲಿ ತೊಟ್ಟಿಗೂ ಕಾಯಿಗೂ ನಡುವಿನ ಸಂದು ಎಷ್ಟು ಕಿರಿದೆಂದರೆ, ಪೀಡೆ ನುಸಿ ನುಸುಳುವಲ್ಲಿ ದೊಡ್ಡ ಗಾತ್ರದ ಶತ್ರುನುಸಿಗೆ ದಾರಿಯೇ ಇರುವುದಿಲ್ಲ. ಪೀಡೆ ಕಚ್ಚಿ ಸಂದು ಅಗಲವಾದ ಮೇಲೆ ಅದು ಒಳಹೊಕ್ಕು ತಿನ್ನತೊಡಗುತ್ತದೆ. ಆ ಹೊತ್ತಿಗೆ ಮಚ್ಚೆ ಬಿದ್ದಾಗಿರುತ್ತದೆ. ಆದ್ದರಿಂದ ಅದು ಪೀಡೆಯ ಒತ್ತಡವನ್ನು ತಗ್ಗಿಸುತ್ತದೆಯೇ ಹೊರತು, ಅದೊಂದನ್ನೇ ನೆಚ್ಚಿ ಉಳಿದೆಲ್ಲವನ್ನೂ ನಿಲ್ಲಿಸಲಾಗದು. ಹಿರ್ಸುಟೆಲ್ಲಾ ಥಾಂಪ್ಸೋನಿ ಎಂಬ ಶಿಲೀಂಧ್ರವೂ ಈ ನುಸಿಯನ್ನು ಕೊಲ್ಲುತ್ತದೆ. ಅದಕ್ಕೆ ತೇವ ಬೇಕು, ಬೇಸಿಗೆಯ ಒಣ ಹವೆಯಲ್ಲಿ ಫಲ ಕಡಿಮೆ.

ನಿಲ್ಲಿಸಬೇಕಾದದ್ದು ಕಟು ರಾಸಾಯನಿಕಗಳ ಸಿಂಪಡಣೆಯನ್ನು. ದಳಗಳ ಮರೆಯಲ್ಲಿರುವ ಪೀಡೆ ಬದುಕುಳಿಯುತ್ತದೆ, ಹೊರಗೆ ಓಡಾಡುವ ಶತ್ರುನುಸಿ ಸಾಯುತ್ತದೆ. ಅದರ ಬದಲು 200 ಮಿ.ಲೀ. ಬೇವಿನ ಎಣ್ಣೆ, ಅರೆದು ಸೋಸಿದ 200 ಗ್ರಾಂ ಬೆಳ್ಳುಳ್ಳಿಯ ರಸ ಮತ್ತು ನೀರಿನಲ್ಲಿ ಕರಗಿಸಿದ 50 ಗ್ರಾಂ ಬಟ್ಟೆ ಸೋಪನ್ನು ಚೆನ್ನಾಗಿ ಬೆರೆಸಿ, ನೀರು ಸೇರಿಸಿ 10 ಲೀಟರ್ ಮಾಡಿಕೊಂಡು, ಅಂದೇ ಬಳಸಿ. ಎರಡರಿಂದ ಆರು ತಿಂಗಳ ಗೊನೆಗಳ ತೊಟ್ಟಿನ ಭಾಗ ಮಾತ್ರ ನೆನೆಯುವಂತೆ ವರ್ಷಕ್ಕೆ ಮೂರು ಬಾರಿ – ಡಿಸೆಂಬರ್–ಫೆಬ್ರವರಿ, ಏಪ್ರಿಲ್–ಜೂನ್, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ – ಸಿಂಪಡಿಸಬೇಕು. ಮರ ಹತ್ತುವವರು ಸಿಗದಿದ್ದರೆ, ಬೇವಿನಿಂದ ತೆಗೆದ ಅಜಾಡಿರಾಕ್ಟಿನ್ ಔಷಧಿ (10,000 ಪಿಪಿಎಂ, ಅಂದರೆ ಶೇ 1ರ ಸಾಂದ್ರತೆಯದು) 10 ಮಿ.ಲೀ.ಗೆ ಅಷ್ಟೇ ನೀರು ಬೆರೆಸಿ ಬೇರಿಗೆ ಉಣಿಸಬಹುದು.

ಪೋಷಣೆ ಕುಗ್ಗಿದ ಮರದಲ್ಲಿ ಹಾನಿ ಎದ್ದು ಕಾಣುತ್ತದೆ. ಅದರಲ್ಲೂ ಪೊಟ್ಯಾಷ್ ಕೊಡದೆ ಬರೀ ಯೂರಿಯಾ ಸುರಿಯುವ ರೂಢಿ ಒಳ್ಳೆಯದಲ್ಲ. ಫಲ ಕೊಡುವ ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, 5 ಕಿಲೋ ಬೇವಿನ ಹಿಂಡಿ, ಜೊತೆಗೆ ಎರಡು ಕಂತುಗಳಲ್ಲಿ ಒಟ್ಟು ಸುಮಾರು 1.1 ಕಿಲೋ ಯೂರಿಯಾ, 2 ಕಿಲೋ ಸೂಪರ್ ಫಾಸ್ಫೇಟ್, 2 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡಿ. ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಉದುರಿದ ಹರಳುಗಳನ್ನು ಬುಡದಲ್ಲಿ ಬಿಡದೆ ಆಯ್ದು ಸುಟ್ಟುಬಿಡಿ.