ಅಪ್ಸೆಣಬಿನ ಕಡ್ಡಿಯಲ್ಲಿ ಕೊಟ್ಟಿಗೆ ಗೋಡೆ ಕಟ್ಟಬಹುದಾ?

ಪ್ರಶ್ನೆ: ಹಸಿರುಗೊಬ್ಬರಕ್ಕೆ ಬಿತ್ತಿದ ಅಪ್ಸೆಣಬಿನಲ್ಲಿ ಅರ್ಧ ಎಕರೆ ಬೀಜಕ್ಕೆ ಬಿಟ್ಟಿದ್ದೆವು. ಬೀಜ ಬಡಿದಾಯಿತು. ಆಳೆತ್ತರದ ಒಣ ಕಡ್ಡಿ ಕಣದಲ್ಲಿ ರಾಶಿ ಬಿದ್ದಿದೆ. ಯಜಮಾನರು ಬೆಂಕಿ ಹಾಕೋಣ ಅಂತಾರೆ. ಉತ್ತರಾಖಂಡದಲ್ಲಿ ಹೆಂಪ್ ಕಡ್ಡಿಗೆ ಸುಣ್ಣ ಕಲಸಿ ಮನೆ ಕಟ್ಟಿದ್ದನ್ನು ಮಗ ಮೊಬೈಲಿನಲ್ಲಿ ತೋರಿಸಿದ. ನಮ್ಮ ಅಪ್ಸೆಣಬಿಗೂ ಇಂಗ್ಲಿಷಿನಲ್ಲಿ ಸನ್ ಹೆಂಪ್ ಅಂತಲೇ ಹೆಸರಂತೆ. ಕೊಟ್ಟಿಗೆಗೆ ಒಂದು ಗೋಡೆ ಹೀಗೇ ಕಟ್ಟಬಹುದಾ?
– ಓದುಗರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಅಕ್ಕಾ, ಮೊದಲು ಯಜಮಾನರ ಕೈಯಿಂದ ಬೆಂಕಿಪೊಟ್ಟಣ ಇಸ್ಕೊಳ್ಳಿ. ಗೋಡೆ ಮಾತು ಆಮೇಲೆ.

ಹೆಸರು ಹತ್ತಿರ, ಗಿಡ ದೂರ. ನಿಮ್ಮದು ಹಳದಿ ಹೂ ಬಿಡುವ, ಅವರೆ ತೊಗರಿಯ ಕುಲದ ಗಿಡ. ಮಗ ತೋರಿಸಿದ್ದು ಗಾಂಜಾ ಜಾತಿಯದು, ಅಮಲು ತೀರಾ ಕಮ್ಮಿ ಇರುವ ತಳಿ. ಅದನ್ನು ಬೆಳೆಯಲು ಉತ್ತರಾಖಂಡದಲ್ಲಿ 2018ರಲ್ಲಿ ಲೈಸೆನ್ಸ್ ಕೊಟ್ಟರು. ಇಲ್ಲಿ ನೀವು ಸುಮ್ನೆ ಒಂದು ಗಿಡ ನೆಟ್ಟರೂ ಕೇಸು. ಬೀಜ ಗೀಜ ತರಿಸಬೇಡ ಅಂತ ಮಗನಿಗೆ ಹೇಳಿಬಿಡಿ.

ಹೆಂಪ್ ಕಾಂಡದ ಹೊರಗೆ ನಾರು, ಒಳಗೆ ಬೆಂಡಿನಂಥ ಕಟ್ಟಿಗೆ. ನಾರು ತೆಗೆದ ಮೇಲೆ ಉಳಿಯುವ ಈ ಒಳಗಡ್ಡಿಯೇ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ. ಅದನ್ನು ಚೂರು ಮಾಡಿ, ದೂಳು ಜರಡಿ ಹಿಡಿದು, ಸುಣ್ಣ ನೀರು ಹಾಕಿ ಕಲಸಿ, ಹಲಗೆಗಳ ನಡುವೆ ಹಗುರವಾಗಿ ಒತ್ತುತ್ತಾರೆ. 1980ರ ದಶಕದಲ್ಲಿ ಫ್ರಾನ್ಸಿನವರು ಹಳೆಯ ಮರದ ಮನೆಗಳ ರಿಪೇರಿಗೆ ಶುರು ಮಾಡಿದ ಕೆಲಸ ಇದು. ಬಿಸಿಲಿನ ಕಾವು ಒಳಗೆ ಬೇಗ ಇಳಿಯಲ್ಲ, ಅದು ನಿಜ. ಆದರೆ ಈ ಗೋಡೆ ಚಾವಣಿಯ ಭಾರ ಹೊರಲ್ಲ. ಅದಕ್ಕೆ ಮರದ ಕಂಬ, ತೊಲೆ ಬೇಕೇ ಬೇಕು. ಗಿಲಾವು ಮಾಡಿದ ಮೇಲೆ ತೆಗೆದ ವಿಡಿಯೋದಲ್ಲಿ ಆ ಕಂಬ ಎಲ್ಲಿ ಕಾಣಬೇಕು?

ಅಪ್ಸೆಣಬಿನಲ್ಲಿ ನಾನೂ ಕೈ ಸುಟ್ಟುಕೊಂಡವನೇ. ಎರಡು ವರ್ಷದ ಹಿಂದೆ ಗೌರಿಬಿದನೂರಿನ ನಮ್ಮ ಹಿತ್ತಲಲ್ಲಿ ಇಟ್ಟಿಗೆ ಅಚ್ಚು ಇಟ್ಟು 12 ಇಟ್ಟಿಗೆ ಹಾಕಿದೆ. ನಾರು ಸುಲಿಯದೆ ಮಚ್ಚಿನಲ್ಲಿ ಕೊಚ್ಚಿದ್ದೆ. ನಾರು ಜಡೆಗಟ್ಟಿ ಸುಣ್ಣ ಒಳಗೆ ಹೋಗಲೇ ಇಲ್ಲ. ಕಡ್ಡಿ ನೀರು ಕುಡೀತಿದೆಯಲ್ಲ ಅಂತ ಚೊಂಬು ಚೊಂಬು ಬೇರೆ ಸುರಿದೆ. ತಿಂಗಳಾದ ಮೇಲೆ ಒಂದನ್ನು ಮುರಿದರೆ ನಡುವೆ ಇನ್ನೂ ಹಸಿ, ಮುಗ್ಗಲು ವಾಸನೆ, ಬಿಳಿ ಬೂಷ್ಟು. ಇನ್ನೊಂದನ್ನು ನಮ್ಮನೆಯಾಕೆ ಬಾಗಿಲಿಗೆ ಒತ್ತಾಗಿ ಇಟ್ಟರು. ಗಾಳಿಗೆ ಬಾಗಿಲು ಎರಡು ಸಲ ಬಡಿದದ್ದೇ, ಪುಡಿಪುಡಿ. ಗೋಡೆ ಆಸೆ ಬಿಡಿ ಅಕ್ಕಾ.

ಆದರೆ ಕಡ್ಡಿ ಕೊಟ್ಟಿಗೆಗೇ ಹೋಗಲಿ, ನೆಲಕ್ಕೆ. ಯುರೋಪಿನಲ್ಲಿ ಹೆಂಪ್ ಒಳಗಡ್ಡಿಯನ್ನು ಕುದುರೆ ಲಾಯದಲ್ಲಿ ಹಾಸುತ್ತಾರೆ, ಅಷ್ಟು ಚೆನ್ನಾಗಿ ತೇವ ಹೀರುತ್ತದೆ. ನಿಮ್ಮ ಕಡ್ಡಿಯನ್ನು ಗಲಗಲ ಅನ್ನುವಷ್ಟು ಒಣಗಿಸಿ, ಮೇವು ಕತ್ತರಿಸುವ ಮೆಷಿನ್ನಿಗೆ ಸ್ವಲ್ಪ ಸ್ವಲ್ಪವೇ ಕೊಡಿ. ಒಟ್ಟಿಗೆ ತುರುಕಿದರೆ ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೂ ಮುಂಚೆ ಒಂದು ಕೆಲಸ ಮರೆಯಬೇಡಿ: ಕಂತೆ ಬಿಚ್ಚಿ ಕೊಡವಿ, ಉಳಿದ ಕಾಯಿ, ಬೀಜ ಎಲ್ಲ ಆರಿಸಿ. ಅಪ್ಸೆಣಬಿನ ಬೀಜ ದನಕ್ಕೆ ವಿಷ, ಲಿವರಿಗೆ ಪೆಟ್ಟು. ಹಸು ಹಾಸಿದ್ದನ್ನೂ ಬಾಯಾಡಿಸುತ್ತೆ ಅಲ್ವಾ?

ಗಂಜಲ ಕುಡಿದ ಚೂರನ್ನು ಗುಡಿಸಿ ಸಗಣಿ ಜೊತೆ ತಿಪ್ಪೆಗೆ ಹಾಕಿ, ತೇವ ಆರದಂತೆ ನೋಡಿಕೊಳ್ಳಿ, ಆಗಾಗ ಮಗುಚಿ. ಒಣ ಚೂರನ್ನು ನೇರ ಹೊಲಕ್ಕೆ ಉತ್ತರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಂಡು ಪೈರು ಹಳದಿ ತಿರುಗುತ್ತದೆ. ಗಂಜಲದ ಸಾರಜನಕ ಸೇರಿದರೆ ಆ ತಕರಾರಿಲ್ಲ.

ನಾಲ್ಕು ಕಂತೆ ದಪ್ಪ ಕಡ್ಡಿ ಎತ್ತಿಟ್ಟುಕೊಳ್ಳಿ, ಹುರುಳಿಕಾಯಿ ಬಳ್ಳಿಗೆ ಆಸರೆಯಾಗುತ್ತದೆ. ಹಗ್ಗಕ್ಕೆ ನಾರು ಬೇಕು ಅನಿಸಿದರೆ ಸುಮಾರು ಒಂದು ವಾರ ನೀರಲ್ಲಿ ಮುಳುಗಿಸಿ ಕೊಳೆಹಾಕಬೇಕು. ಕೃಷಿ ಹೊಂಡದಲ್ಲಿ ಮೀನು ಬಿಟ್ಟಿದ್ದರೆ ಅಲ್ಲಿ ಮಾತ್ರ ಬೇಡ. ನೀರು ಕೊಳೆತು ಮೀನೆಲ್ಲ ತೇಲುತ್ತವೆ.