ಓದುಗರ ಪ್ರಶ್ನೆ: ಬ್ರೈಟನ್‌ನಲ್ಲಿ ಒಂದು ದಿನ

ಪ್ರಶ್ನೆ: ನಾವು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನಲ್ಲಿ ನೆಲೆಸಿದ್ದೇವೆ. ಶಿವಮೊಗ್ಗದಿಂದ ಬರಲಿರುವ ಅಪ್ಪ-ಅಮ್ಮನನ್ನು ಒಂದು ದಿನದ ಮಟ್ಟಿಗೆ ಬ್ರೈಟನ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಪ್ಪ ನಿವೃತ್ತ ಇತಿಹಾಸ ಮೇಷ್ಟ್ರು. "ಸಮುದ್ರ ನೋಡಲು ಅಷ್ಟು ದೂರ ಬರಬೇಕೇ, ಮುರುಡೇಶ್ವರ ಇಲ್ಲವೇ?" ಎಂದು ಫೋನಿನಲ್ಲೇ ಕೇಳಿದರು. ಅಮ್ಮನಿಗೆ ಮಂಡಿನೋವು. ಇಬ್ಬರೂ ಸಸ್ಯಾಹಾರಿಗಳು. ಅಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬಹುದು?
(ಓದುಗರೊಬ್ಬರು, ಕ್ರಾಯ್ಡನ್)

ಉತ್ತರ: ಸಮುದ್ರದ ಮಟ್ಟಿಗೆ ನಿಮ್ಮ ತಂದೆಯವರ ಮಾತನ್ನು ಒಪ್ಪಲೇಬೇಕು. ಬ್ರೈಟನ್ನಿನ ದಂಡೆಯಲ್ಲಿ ಮರಳಿನ ಬದಲು ನುಣುಪಾದ ಗುಂಡುಗಲ್ಲುಗಳು ಹಾಸಿಕೊಂಡಿವೆ. ಮಂಡಿನೋವಿರುವವರು ಅದರ ಮೇಲೆ ನಡೆಯುವ ಸಾಹಸ ಮಾಡದಿರುವುದೇ ಒಳ್ಳೆಯದು. ಆದರೆ ದಡದಿಂದ ಕೆಲವೇ ನಿಮಿಷ ಒಳಕ್ಕೆ ನಡೆದರೆ ಸಿಗುವ ರಾಯಲ್ ಪೆವಿಲಿಯನ್ ಅರಮನೆಯನ್ನು ಇತಿಹಾಸ ಕಲಿಸಿದವರು ನೋಡದೆ ಹೋಗಬಾರದು. ದಿನದ ಬಹುಪಾಲನ್ನು ಅದಕ್ಕೇ ಮೀಸಲಿಡಿ ಎನ್ನುವುದು ನನ್ನ ಸಲಹೆ.

ಹದಿನೆಂಟನೆಯ ಶತಮಾನದ ನಡುವಿನಲ್ಲಿ ಡಾ. ರಿಚರ್ಡ್ ರಸೆಲ್ ಎಂಬ ವೈದ್ಯರು ಸಮುದ್ರಸ್ನಾನ ಮಾತ್ರವಲ್ಲ, ಸಮುದ್ರದ ನೀರು ಕುಡಿಯುವುದೂ ಆರೋಗ್ಯಕ್ಕೆ ಹಿತವೆಂದು ಸಾರಿದ ಮೇಲೆ ಮೀನುಗಾರರ ಈ ಊರಿಗೆ ಸಿರಿವಂತರ ದಂಡು ಬರತೊಡಗಿತು. ಹಾಗೆ ಬಂದವರಲ್ಲಿ ಮುಂದೆ ನಾಲ್ಕನೆಯ ಜಾರ್ಜ್ ಎನಿಸಿಕೊಂಡ ಯುವರಾಜನೂ ಒಬ್ಬ. ಅವನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ 1822ರವರೆಗೆ ದುಡಿದು, ಹೊರಗೆ ಹಿಂದೂಸ್ತಾನದ ಗುಮ್ಮಟ-ಮಿನಾರುಗಳು, ಒಳಗೆ ಚೀನೀ ಅಲಂಕಾರ ಇರುವ ಈ ವಿಚಿತ್ರ ಅರಮನೆಯನ್ನು ರೂಪಿಸಿದ. ಯುವರಾಜನಾಗಲಿ ನ್ಯಾಶ್ ಆಗಲಿ ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಭೋಜನಶಾಲೆಯ ಚಾವಣಿಯಿಂದ ಬೆಳ್ಳಿಯ ಬಣ್ಣದ ಡ್ರ್ಯಾಗನ್ ಒಂದು ಸುಮಾರು ಒಂದು ಟನ್ ತೂಕದ ತೂಗುದೀಪವನ್ನು ಉಗುರುಗಳಲ್ಲಿ ಹಿಡಿದು ನಿಂತಿದೆ. ಅಡುಗೆಮನೆಯನ್ನು ಮಾತ್ರ ಅಮ್ಮನಿಗೆ ತಪ್ಪದೆ ತೋರಿಸಿ: ಅಲ್ಲಿನ ಕಬ್ಬಿಣದ ಕಂಬಗಳನ್ನು ತಾಳೆಮರದಂತೆ ಮಾಡಿ, ತುದಿಗೆ ತಾಮ್ರದ ಗರಿಗಳನ್ನು ಬಿಡಿಸಿದ್ದಾರೆ. ಮುಖ್ಯ ಕೋಣೆಗಳೆಲ್ಲ ನೆಲ ಅಂತಸ್ತಿನಲ್ಲಿರುವುದರಿಂದ ಮೆಟ್ಟಿಲಿನ ಚಿಂತೆ ಅಷ್ಟಾಗಿ ಇಲ್ಲ.

ನಿಮ್ಮ ತಂದೆಯವರನ್ನು ಹೆಚ್ಚು ಹೊತ್ತು ನಿಲ್ಲಿಸುವ ಸಂಗತಿ ಇದಕ್ಕಿಂತ ಈಚಿನದು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗಾಗಿ 1914ರ ಡಿಸೆಂಬರಿನಲ್ಲಿ ಈ ಅರಮನೆಯನ್ನೇ ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ಆ ತೂಗುದೀಪಗಳ ಕೆಳಗೆ ಸಾಲುಸಾಲಾಗಿ ಮಂಚಗಳನ್ನು ಹಾಕಿದರು. ಜಾತಿ-ಮತಗಳ ಕಟ್ಟಳೆಗೆ ತಕ್ಕಂತೆ ಬೇರೆ ಬೇರೆ ಅಡುಗೆಮನೆಗಳನ್ನೂ, ಹಿಂದೂಗಳಿಗೂ ಮುಸ್ಲಿಮರಿಗೂ ಪ್ರತ್ಯೇಕ ನೀರಿನ ನಲ್ಲಿಗಳನ್ನೂ ಏರ್ಪಡಿಸಿದರು. ದೊರೆ ತನ್ನ ಸ್ವಂತ ಅರಮನೆಯನ್ನೇ ಸಿಪಾಯಿಗಳಿಗೆ ಬಿಟ್ಟುಕೊಟ್ಟನೆಂಬ ಭಾವನೆ ಭಾರತದಲ್ಲಿ ಹರಡಲೆಂದು ಚಿತ್ರಗಳನ್ನೂ ಪುಸ್ತಿಕೆಗಳನ್ನೂ ಹಂಚಲಾಯಿತು. ವಾಸ್ತವದಲ್ಲಿ ವಿಕ್ಟೋರಿಯಾ ರಾಣಿ ಅದನ್ನು 1850ರಲ್ಲೇ ಊರಿನ ಆಡಳಿತಕ್ಕೆ ಮಾರಿಬಿಟ್ಟಿದ್ದಳು! ಆರೈಕೆ ನಿಜವಾದದ್ದು, ಪ್ರಚಾರವೂ ನಿಜವಾದದ್ದು. ಗುಣಮುಖರಾದ ಎಷ್ಟೋ ಮಂದಿ ಮತ್ತೆ ಯುದ್ಧಭೂಮಿಗೇ ಮರಳಬೇಕಾಯಿತು ಎಂಬುದನ್ನೂ ಜೊತೆಗೆ ನೆನಪಿಡಬೇಕು. ತೋಟದ ದಕ್ಷಿಣದ ಬಾಗಿಲು ಭಾರತೀಯರ ಕೃತಜ್ಞತೆಯ ಕಾಣಿಕೆಯೆಂದು 1921ರಲ್ಲಿ ನಿಂತದ್ದು. ಅದನ್ನು ಉದ್ಘಾಟಿಸಿದವರು ಪಟಿಯಾಲಾದ ಮಹಾರಾಜರು.

ನಿಲ್ದಾಣದಿಂದ ಇಳಿದು ಬರುವಾಗ ಸ್ವಲ್ಪ ಬಳಸಿಕೊಂಡರೆ ಸೇಂಟ್ ನಿಕೊಲಸ್ ಚರ್ಚು ಸಿಗುತ್ತದೆ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಭಾರತೀಯ ಊಟದ ಮನೆ ತೆರೆದು ಕೈಸುಟ್ಟುಕೊಂಡು, ಬಳಿಕ ಬ್ರೈಟನ್ನಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದಿಂದ ಇಬ್ಬರು ದೊರೆಗಳ ಮೆಚ್ಚುಗೆ ಗಳಿಸಿದ ಶೇಖ್ ದೀನ್ ಮಹಮ್ಮದ್‌ನ ಸಮಾಧಿ ಅಲ್ಲಿದೆ.

ಮಧ್ಯಾಹ್ನದ ಮೇಲೆ ದಂಡೆಯ ಮೇಲಿನ ರಸ್ತೆಯಲ್ಲಿ ಕುಳಿತು ಗಾಳಿ ಕುಡಿಯಬಹುದು. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಟ್ಟೆಯಾದ 1899ರ ಪ್ಯಾಲೆಸ್ ಪಿಯರ್ ಮೇಲಿನ ಗದ್ದಲವನ್ನು ಬಿಟ್ಟರೆ ನಷ್ಟವಿಲ್ಲ, ನಮ್ಮ ಜಾತ್ರೆಗಳಲ್ಲಿ ಅದಕ್ಕಿಂತ ಒಳ್ಳೆಯ ತೊಟ್ಟಿಲುಗಳಿವೆ. ಅದರ ಪಕ್ಕದಿಂದ ಹೊರಡುವ ವೋಕ್ಸ್ ವಿದ್ಯುತ್ ರೈಲು ಮಾತ್ರ ಅಮ್ಮನಿಗೆ ಹೇಳಿ ಮಾಡಿಸಿದಂತಿದೆ. 1883ರಲ್ಲಿ ಶುರುವಾದ ಇದು ಜಗತ್ತಿನಲ್ಲಿ ಇನ್ನೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲೇ ಅತ್ಯಂತ ಹಳೆಯದು, ಚಳಿಗಾಲದಲ್ಲಿ ಓಡುವುದಿಲ್ಲ.

ಊಟಕ್ಕೆ ಬ್ರೈಟನ್ನಿನಲ್ಲಿ ಸಸ್ಯಾಹಾರಿ ಹೋಟೆಲುಗಳಿಗೆ ಬರವಿಲ್ಲ. ಆದರೆ ದಡದಲ್ಲಿ ಆಲೂಗಡ್ಡೆ ಚಿಪ್ಸ್ ಕೊಳ್ಳುವ ಮುನ್ನ ಯಾವುದರಲ್ಲಿ ಕರಿದಿದ್ದೀರಿ ಎಂದು ಕೇಳಿ: ಕೆಲವು ಅಂಗಡಿಗಳಲ್ಲಿ ದನದ ಕೊಬ್ಬನ್ನು ಬಳಸುತ್ತಾರೆ, ಎಣ್ಣೆಯಾದರೂ ಅದೇ ಬಾಣಲೆಯಲ್ಲಿ ಮೀನು ಕರಿದಿರುವುದುಂಟು. ಪೊಟ್ಟಣ ಕೈಗೆ ಬಂದ ಮೇಲೆ ಕಡಲಕಾಗೆಗಳ ಮೇಲೆ ಕಣ್ಣಿಡಿ, ನಮ್ಮ ದೇವಸ್ಥಾನದ ಮಂಗಗಳಿಗೆ ಅವು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಈಸ್ಟ್ ಕ್ರಾಯ್ಡನ್‌ನಿಂದ ನೇರ ರೈಲು ಒಂದು ಗಂಟೆಯೊಳಗೆ ತಲುಪಿಸುತ್ತದೆ. ಬೆಳಗಿನ ದಟ್ಟಣೆಯ ಹೊತ್ತು ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಭಾನುವಾರ ಹಳಿ ದುರಸ್ತಿಗಾಗಿ ರೈಲಿನ ಬದಲು ಬಸ್ಸು ಬಿಡುವ ಸಂದರ್ಭಗಳಿರುವುದರಿಂದ, ಹಿರಿಯರ ಜೊತೆ ಹೋಗುವವರು ವಾರದ ದಿನವನ್ನೇ ಆರಿಸಿಕೊಳ್ಳುವುದು ಲೇಸು.

ಪ್ರಶ್ನೆ: ಬ್ರೈಟನ್ ಬಳಿಯ ಗುಡ್ಡದ ಮೇಲೆ ಭಾರತೀಯ ಸೈನಿಕರ ಸ್ಮಾರಕವಿದೆಯಂತೆ. ಅಲ್ಲಿ ಕನ್ನಡಿಗರ ಹೆಸರುಗಳಿವೆಯೇ?
(ಓದುಗರೊಬ್ಬರು, ರೆಡಿಂಗ್)

ಉತ್ತರ: ನೀವು ಕೇಳುತ್ತಿರುವುದು ಪ್ಯಾಚಮ್ ಊರಿನ ಮೇಲಿರುವ ಛತ್ರಿಯ ಬಗ್ಗೆ. ಆಸ್ಪತ್ರೆಯಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗದಲ್ಲೇ ಎದ್ದಿರುವ ಈ ಅಮೃತಶಿಲೆಯ ಮಂಟಪವನ್ನು 1921ರ ಫೆಬ್ರವರಿಯಲ್ಲಿ ವೇಲ್ಸ್ ರಾಜಕುಮಾರ ಅನಾವರಣ ಮಾಡಿದ. 2010ರಲ್ಲಿ ಪಕ್ಕದಲ್ಲಿ 53 ಮಂದಿಯ ಹೆಸರುಗಳನ್ನು ಕೆತ್ತಿದ ಇನ್ನೊಂದು ಕಲ್ಲನ್ನು ನಿಲ್ಲಿಸಲಾಯಿತು. ಮುಸ್ಲಿಂ ಸೈನಿಕರನ್ನು ವೋಕಿಂಗ್‌ನ ಮಸೀದಿಯ ಬಳಿ ದಫನು ಮಾಡಿದ್ದರು. ಛತ್ರಿಯವರೆಗೆ ವಾಹನ ಹೋಗುವುದಿಲ್ಲ. ಕುರಿ ಮೇಯುವ ಗುಡ್ಡದ ಕಾಲುದಾರಿಯಲ್ಲಿ ಏರಿ ಹೋಗಬೇಕು. ಮಳೆ ಬಂದ ಮರುದಿನ ಚಪ್ಪಲಿಯಲ್ಲಿ ಹೊರಡಬೇಡಿ.

1914ರಲ್ಲಿ ಫ್ರಾನ್ಸಿಗೆ ಬಂದಿಳಿದ ಭಾರತೀಯ ಪಡೆಗಳಲ್ಲಿ ಪಂಜಾಬಿಗಳು, ಗಢವಾಲಿಗಳು, ಗೂರ್ಖರು, ಪಠಾಣರದೇ ದೊಡ್ಡ ಪಾಲು. ಹಾಗಾಗಿ ಅಲ್ಲಿ ಕನ್ನಡಿಗರ ಹೆಸರು ಸಿಗುವ ಸಾಧ್ಯತೆ ಕಡಿಮೆ. ಮೈಸೂರು ಸಂಸ್ಥಾನದ ಅಶ್ವದಳ ಹೋದದ್ದು ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಅದು ಹೈಫಾ ನಗರವನ್ನು ವಶಪಡಿಸಿಕೊಂಡಿತು. ಅವರ ಸ್ಮಾರಕವನ್ನು ನೋಡಬೇಕಾದರೆ ಊರಿಗೆ ಹೋದಾಗ ಬೆಂಗಳೂರಿನ ಜೆ.ಸಿ. ನಗರಕ್ಕೆ ಹೋಗಿ ಬನ್ನಿ.